ಕಾಡುಗೋಡಿಯಲ್ಲಾದರೆ ಚೆನ್ನಾಗಿ ಬರ್ತಿತ್ತು

ನನ್ನ ಓರಗಿತ್ತಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿದವರು ಅವಳೇನೋ ಕೆಟ್ಟವಳಿರಬೇಕು ಎಂದುಕೊಂಡಾರು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಮನೆಗೆ ಹೋದರೆ ಓಡಿ ಬಂದು ಕೈಹಿಡಿದುಕೊಳ್ಳುತ್ತಾಳೆ, "ಬನ್ನಿ ಅಕ್ಕ" ಅನ್ನುತ್ತಾಳೆ, ಹೊರಡುವಾಗ ಮಡಿಲು ತುಂಬ ಏನಾದರೂ ಕಟ್ಟಿಕೊಡುತ್ತಾಳೆ. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ಎಷ್ಟು ಕಷ್ಟ ಎನ್ನುವುದು ಪಟ್ಟವರಿಗೇ ಗೊತ್ತು. ನಾನು ಪಟ್ಟಿದ್ದೇನೆ. ಅದೂ ಒಂದು ಆಟದ ಯಂತ್ರದ ಸಲುವಾಗಿ.

ಯಂತ್ರ ಮೊದಲು ಬಂದದ್ದು ನಮ್ಮ ಮನೆಗೆ. ಕೈಯಲ್ಲಿ ಹಿಡಿದು ಆಡುವ ಲಿನಕ್ಸ್ ಕಂಪ್ಯೂಟರ್ ಅದು. ಇಲ್ಲಿನ ಅಂಗಡಿಗಳಲ್ಲಿ ನೇರವಾಗಿ ಸಿಗುತ್ತಿರಲಿಲ್ಲ. ಹೊರದೇಶಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬಳ ಕೈಲಿ ತರಿಸಿಕೊಂಡೆ. ನಡುವೆ ಪರದೆ, ಎರಡು ಕಡೆ ಗುಂಡಿಗಳು, ಹೆಬ್ಬೆರಳಿನಲ್ಲಿ ತಿರುಗಿಸುವ ಎರಡು ಜಾಯ್‌ಸ್ಟಿಕ್, ಅವುಗಳ ಕೆಳಗೆ ಬೆರಳಾಡಿಸಲು ಎರಡು ಚೌಕದ ಟಚ್‌ಪ್ಯಾಡ್. ನನಗೆ ಅದರಲ್ಲಿ ಆಟಕ್ಕಿಂತ ಇಷ್ಟವಾದದ್ದು ಬೇರೆ. ಯಾವ ಗುಂಡಿ ಏನು ಮಾಡಬೇಕು, ಪರದೆ ಮುಟ್ಟಿದರೆ ಏನಾಗಬೇಕು, ಯಂತ್ರವನ್ನೇ ಓರೆಮಾಡಿದರೆ ಏನು ಅಲುಗಬೇಕು, ಇದೆಲ್ಲವನ್ನೂ ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದಿತ್ತು. ನಾನು ಮಹದೇವಪುರದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಸೆಟ್ಟಿಂಗ್ ಅಂದರೆ ನನಗೆ ಹಬ್ಬದೂಟ. ಮನೆಯಲ್ಲಿ ಕೂತು ಕೆಲಸ ಮಾಡುವ ದಿನಗಳಲ್ಲಂತೂ ಮೀಟಿಂಗಿನ ನಡುವೆ ಅದನ್ನು ಕೈಗೆತ್ತಿಕೊಂಡು ಏನಾದರೂ ಕೆದಕುತ್ತಲೇ ಇರುತ್ತಿದ್ದೆ.

ಆ ಯಂತ್ರವನ್ನು ಅತ್ತೆ "ಮಣೆ" ಎಂದು ಕರೆದರು. ಚಿಕ್ಕಂದಿನಲ್ಲಿ ಅವರು ಆಡಿದ್ದು ಅಳಗುಳಿ ಮಣೆ, ಇದೂ ಅಷ್ಟೇ ಉದ್ದಗಲ ಇದೆಯಲ್ಲ ಎಂದರು. ಆಮೇಲೆ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರಾಯಿತು.

ಅತ್ತೆಯ ವಿಷಯ ಹೇಳಬೇಕು. ಅವರು ಗಡಿಯಾರದ ಸರ್ಕಾರಿ ಕಾರ್ಖಾನೆಯಲ್ಲಿ ಜೋಡಣೆಯ ಕೆಲಸ ಮಾಡಿದವರು. ಕಣ್ಣಿಗೆ ಮಸೂರ ಕಟ್ಟಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ಚಕ್ರಗಳನ್ನು ಕೂರಿಸುತ್ತಿದ್ದರಂತೆ. ಆ ಅಭ್ಯಾಸಕ್ಕೋ ಏನೋ, ಅವರ ಕೈ ಈಗಲೂ ನಿಧಾನ. ಒಗ್ಗರಣೆಗೆ ಸಾಸಿವೆ ಹಾಕುವುದೂ ನಿಧಾನ, ಬಾಗಿಲ ಚಿಲಕ ತೆಗೆಯುವುದೂ ನಿಧಾನ. ಮಾವ ಹೋದ ಮೇಲೆ ಒಂದು ಏರ್ಪಾಡು ತಾನಾಗಿಯೇ ಆಯಿತು. ದೀಪಾವಳಿಯಿಂದ ಯುಗಾದಿಯವರೆಗೆ ನಾಗಸಂದ್ರದಲ್ಲಿ ನಮ್ಮ ಜೊತೆ, ಯುಗಾದಿಯಿಂದ ದೀಪಾವಳಿಯವರೆಗೆ ಕಾಡುಗೋಡಿಯಲ್ಲಿ ಮೈದುನನ ಮನೆಯಲ್ಲಿ. ಕಾರ್ಖಾನೆಯ ಭಾಷೆಯಲ್ಲಿ ಅತ್ತೆ ಇದನ್ನು ಶಿಫ್ಟ್ ಅನ್ನುತ್ತಿದ್ದರು. "ನನ್ನ ಸೆಕೆಂಡ್ ಶಿಫ್ಟ್ ಶುರುವಾಯ್ತಮ್ಮ" ಎಂದು ಬ್ಯಾಗು ಹಿಡಿದು ಮೆಟ್ರೋ ಹತ್ತುತ್ತಿದ್ದರು. ಹಸಿರು ಗೆರೆಯಲ್ಲಿ ಹೊರಟು ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಗೆರೆ ಹಿಡಿದರೆ ಊರಿನ ಈ ತುದಿಯಿಂದ ಆ ತುದಿ.

ಸೊಸೆಯರು ಅತ್ತೆಯ ಪಾಳಿ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಾರೆ ಎನ್ನುವುದು ಲೋಕದ ಮಾತು. ನನ್ನದು ಉಲ್ಟಾ. ನನ್ನ ತಾಯಿ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಸ್ಕೂಟರ್ ಓಡಿಸುವುದನ್ನು ಕಲಿಸಿದ್ದು ಅತ್ತೆ. ಭಾನುವಾರ ಪೀಣ್ಯದ ಕಾರ್ಖಾನೆಗಳ ರಸ್ತೆ ಖಾಲಿ ಇರುತ್ತದಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ, ಸೀರೆ ಎತ್ತಿ ಕಟ್ಟಿ, ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ನನ್ನ ಹಿಂದೆ ಓಡಿದ್ದರು. ಗಂಡ ಮನೆಯಲ್ಲಿ ಮಲಗಿದ್ದ. ಅವತ್ತಿನಿಂದ ಅವರು ನನ್ನವರು ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಮೈದುನನ ಮದುವೆಯಾಗಿ, ಕಾಡುಗೋಡಿಯ ಹಳೆಯ ಒಕ್ಕಲಿನ ಮನೆಯ ಹುಡುಗಿ ನನ್ನ ಓರಗಿತ್ತಿಯಾಗಿ ಬಂದ ಮೇಲೂ ಆ ತೀರ್ಮಾನ ಬದಲಾಗಿರಲಿಲ್ಲ. ಅವಳಿಗೆ ಅಪ್ಪ ಕೊಟ್ಟ ಮನೆ ಇತ್ತು, ಮೇಲೆ ಬಾಡಿಗೆಗೆ ಕೊಟ್ಟ ರೂಮುಗಳಿದ್ದವು, ಹಿತ್ತಲಲ್ಲಿ ಕರಿಬೇವಿನ ಮರವಿತ್ತು. ಇರಲಿ, ಅತ್ತೆ ನನ್ನವರು ಎಂದುಕೊಂಡಿದ್ದೆ.

ಒಂದು ಚಳಿಗಾಲ ಅತ್ತೆ ನಮ್ಮ ಮನೆಯಲ್ಲಿದ್ದಾಗ ಅವರಿಗೊಂದು ಆಟ ತೋರಿಸಿದೆ. ತೋಟಕ್ಕೆ ನೀರು ಬಿಡುವ ಆಟ. ಕೈಯಲ್ಲೊಂದು ಪೈಪು, ಎದುರಿಗೆ ಬಾಡಿದ ಪಾತಿಗಳು. ನೀರು ಸರಿಯಾದ ಬುಡಕ್ಕೆ ಬಿದ್ದರೆ ಗಿಡ ತಲೆಯೆತ್ತುತ್ತದೆ, ಹೂ ಬಿಡುತ್ತದೆ, ಕಾಗೆ ಬಂದರೆ ಅದಕ್ಕೂ ಒಂದು ಚಿಮ್ಮು ಹೊಡೆಯಬಹುದು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ತುಳಸಿಯೊಂದನ್ನು ಬಿಟ್ಟು ಬೇರೇನೂ ಇಲ್ಲದ ಮನೆಯಲ್ಲಿ ಅತ್ತೆಗೆ ಅದು ತುಂಬ ಹಿಡಿಸಿತು. ತೊಂದರೆ ಒಂದೇ. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಜಾಯ್‌ಸ್ಟಿಕ್ ಒತ್ತಿ ಹಿಡಿದರೆ ಸಂಜೆಗೆ ಬೆರಳು ಊದುತ್ತಿತ್ತು.

ನನಗೆ ಅಷ್ಟೇ ಬೇಕಿತ್ತು. ಅತ್ತೆಯ ಕೈಗೆ ತಕ್ಕಂತೆ ಮಣೆಯನ್ನು ಸರಿಮಾಡಿಕೊಡುವ ಕೆಲಸಕ್ಕೆ ಸೆರಗು ಕಟ್ಟಿ ನಿಂತೆ.

ಮೊದಲು ಪರದೆ ಮುಟ್ಟಿಸಿ ನೋಡಿದೆ. ಎಲ್ಲಿ ಮುಟ್ಟುತ್ತಾರೋ ಅಲ್ಲಿಗೆ ನೀರು ಹೋಗುವ ಹಾಗೆ. ಸುಲಭ ಅಂದುಕೊಂಡಿದ್ದೆ. ಆದರೆ ಅತ್ತೆ ಮುಟ್ಟುವುದೂ ನಿಧಾನ. ಬೆರಳು ಇಟ್ಟರೆ ಇಟ್ಟೇ ಇರುತ್ತಾರೆ. ಹಾಗೆ ಇಟ್ಟುಕೊಂಡೇ ಇದ್ದರೆ ಯಂತ್ರ ಅದನ್ನು ಬೇರೆ ಅಪ್ಪಣೆ ಎಂದುಕೊಂಡು ಯಾವುದೋ ಮೆನು ತೆರೆದುಬಿಡುತ್ತಿತ್ತು. ಅದನ್ನು ಬದಲಾಯಿಸಿದೆ. ಆಮೇಲೆ ಅಂಗೈ ಪರದೆಗೆ ತಗುಲಿ ನೀರು ಮೂಲೆಯ ಕಾಂಪೌಂಡಿಗೆ ಹೋಗುತ್ತಿತ್ತು. ಪರದೆಯ ಅಂಚಿನಲ್ಲಿ ಮುಟ್ಟಿದರೆ ಏನೂ ಆಗದ ಹಾಗೆ ಮಾಡಿದೆ. ಕೊನೆಗೆ, ಗಿಡವನ್ನು ಮುಟ್ಟಿದರೆ ಬೆರಳೇ ಗಿಡವನ್ನು ಮುಚ್ಚುತ್ತದೆ, ಎಲ್ಲಿ ನೀರು ಬಿಡುತ್ತಿದ್ದೇನೆ ಎಂದೇ ಕಾಣುವುದಿಲ್ಲ ಎಂದರು ಅತ್ತೆ. ಅದಕ್ಕೆ ಯಾವ ಸೆಟ್ಟಿಂಗೂ ಇರಲಿಲ್ಲ. ಬೀಜ ಆರಿಸುವುದಕ್ಕೆ, ಪೈಪು ಬದಲಾಯಿಸುವುದಕ್ಕೆ ಮಾತ್ರ ಪರದೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳನ್ನಿಟ್ಟು ಮುಟ್ಟುವುದನ್ನು ಉಳಿಸಿಕೊಂಡೆ.

ನೀರು ಬಿಡುವುದಕ್ಕೆ ಗೈರೋ ಹಾಕಿದೆ. ಗೈರೋ ಅಂದರೆ ಯಂತ್ರದೊಳಗೆ ಕೂತು ಅದು ಎತ್ತ ತಿರುಗಿತು, ಎಷ್ಟು ಓರೆಯಾಯಿತು ಎಂದು ತಿಳಿಯುವ ಸಣ್ಣ ಎಲೆಕ್ಟ್ರಾನಿಕ್ ಚಿಪ್. ಬೆರಳಿಗೆ ಕೆಲಸವಿಲ್ಲ. ಮಣೆಯನ್ನೇ ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ಹೊರಳಿಸಿದರೆ ಪೈಪೂ ಹೊರಳುತ್ತದೆ. ಎಡಗೈ ಹೆಬ್ಬೆರಳು ಟಚ್‌ಪ್ಯಾಡಿನ ಮೇಲೆ ಸುಮ್ಮನೆ ಇದ್ದಾಗ ಮಾತ್ರ ಗೈರೋ ಎಚ್ಚರವಾಗಿರಲಿ, ಬೆರಳೆತ್ತಿದರೆ ನಿದ್ದೆ ಹೋಗಲಿ ಎಂದು ಇಟ್ಟೆ, ತೊಡೆಯ ಮೇಲೆ ಮಣೆ ಇಟ್ಟು ಕಾಫಿ ಕುಡಿಯಬಹುದಲ್ಲ. ಎಷ್ಟು ಹೊರಳಿಸಿದರೆ ಎಷ್ಟು ಹೋಗಬೇಕು ಎಂಬುದನ್ನೂ ಅವರ ಮೊಣಕೈಗೆ ತಕ್ಕಂತೆ ಅಳೆದೆ. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಗೈರೋಗೆ ಮೊದಲೊಮ್ಮೆ ಅಲುಗಾಡದಿರುವುದು ಹೇಗಿರುತ್ತದೆ ಎಂದು ಕಲಿಸಬೇಕು. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿಟ್ಟು, ಇದೇ ಸ್ಥಿರ, ಇದನ್ನು ನೆನಪಿಟ್ಟುಕೋ ಎಂದು ಹೇಳುವ ಕ್ರಮ. ಊಟದ ಮೇಜಿನ ಮೇಲೆ ಇಟ್ಟೆ. ಅಲುಗಾಟ ಜಾಸ್ತಿ ಇದೆ, ಆಗುವುದಿಲ್ಲ ಎಂದಿತು. ಕಿಟಕಿಯ ಕಟ್ಟೆಯ ಮೇಲಿಟ್ಟೆ, ಆಗಲೂ ಅದೇ. ನೆಲದ ಮೇಲಿಟ್ಟರೂ ಅದೇ. ಚಿಪ್ಪೇ ಸೂಕ್ಷ್ಮವಾಗಿಬಿಟ್ಟಿದೆ ಎಂದುಕೊಂಡೆ. ಎಷ್ಟು ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಬೇಕು ಎನ್ನುವುದಕ್ಕೂ ಸೆಟ್ಟಿಂಗಿನಲ್ಲಿ ಅತ್ತಿತ್ತ ಜಾರಿಸುವ ಒಂದು ಗೀಟು ಇತ್ತು, ಬಲಕ್ಕೆ ಹೋದಷ್ಟೂ ಹೆಚ್ಚು. ಅದನ್ನು ಬಲಕ್ಕೆ ಎಳೆದೆ, ಇನ್ನೂ ಎಳೆದೆ. ಕೊನೆಗೆ ಯಂತ್ರ ಒಪ್ಪಿಕೊಂಡಿತು. ಆಟದ ನಡುವೆ ಸುಮ್ಮನಿದ್ದಾಗಲೆಲ್ಲ ತಾನೇ ಮತ್ತೆ ಕಲಿತುಕೊಳ್ಳಲಿ ಎನ್ನುವುದನ್ನೂ ಒತ್ತಿಟ್ಟೆ.

ಅತ್ತೆ ಕೈಗೆ ತೆಗೆದುಕೊಂಡರು. ಮೊದಲ ಪಾತಿಯ ಕಡೆ ಪೈಪು ಹೊರಟಿತು, ಅರ್ಧಕ್ಕೆ ನಿಂತಿತು, ಆಮೇಲೆ ತಾನಾಗಿ ಎಡಕ್ಕೆ ಜಾರಿತು. ನೀರೆಲ್ಲ ಕಾಂಪೌಂಡಿಗೆ. ಮತ್ತೆ ಹೊರಳಿಸಿದರು, ಮತ್ತೆ ಹಾಗೇ. ನಾನು ಕಸಿದುಕೊಂಡು ಆಡಿದೆ. ನನ್ನ ಕೈಯಲ್ಲಿ ಎಲ್ಲ ಸರಿಯಾಗಿತ್ತು. ಚಕಚಕ ಎಂದು ನಾಲ್ಕು ಪಾತಿಗೂ ನೀರು ಬಿತ್ತು, ಕಾಗೆಗೂ ಬಿತ್ತು. ಸರಿಯಾಗಿದೆಯಲ್ಲ ಅತ್ತೆ, ನೀವು ಸ್ವಲ್ಪ ಗಟ್ಟಿಯಾಗಿ ಹಿಡಿಯಿರಿ ಎಂದೆ. ಅವರು ಗಟ್ಟಿಯಾಗಿ ಹಿಡಿದರು. ನೀರು ಕಾಂಪೌಂಡಿಗೇ ಹೋಯಿತು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದೊಂದು ದಿನ ಸ್ವಲ್ಪ ಪರವಾಗಿಲ್ಲ, ಒಂದೊಂದು ದಿನ ಪೂರ್ತಿ ಹಾಳು. ನಾನು ಏನೇನೋ ಬದಲಾಯಿಸುತ್ತಲೇ ಇದ್ದೆ. ವಯಸ್ಸಾದ ಕೈ, ಏನು ಮಾಡಕ್ಕಾಗುತ್ತೆ ಎಂದು ಅತ್ತೆಯೇ ನನಗೆ ಸಮಾಧಾನ ಹೇಳಿ, ಯುಗಾದಿಗೆ ಕಾಡುಗೋಡಿಗೆ ಹೊರಟರು.

ಆ ಬೇಸಿಗೆಯಲ್ಲಿ ನನ್ನ ಓರಗಿತ್ತಿಯೂ ಒಂದು ಮಣೆ ತರಿಸಿದಳು. ನನ್ನದಕ್ಕಿಂತ ಹೊಸದು, ಪರದೆ ದೊಡ್ಡದು, ಬಣ್ಣ ಇನ್ನೂ ಚೆಂದ. ನಾನು ಹಸಿರು ಸೀರೆ ಉಟ್ಟರೆ ಅವಳೂ ಹಸಿರು ಉಡುತ್ತಾಳೆ, ಅದೂ ಜರಿಯಂಚಿನದು. ಅತ್ತೆ ಆಸೆಪಡ್ತಿದ್ರು ಅದಕ್ಕೆ ಎಂದು ಫೋನಿನಲ್ಲಿ ಹೇಳಿದಳು. ಹೋಗಲಿ ಬಿಡು, ನನಗೇ ಬಗ್ಗದ ಮಣೆ ಅವಳಿಗೆ ಬಗ್ಗುತ್ತದೆಯೇ ಎಂದು ನಾನು ಒಳಗೊಳಗೇ ನಕ್ಕೆ. ಒಂದು ವಾರ ಕಳೆದಿರಲಿಲ್ಲ, ವಿಡಿಯೋ ಕಾಲ್ ಬಂತು. ಅತ್ತೆ ಸೋಫಾದ ಮೇಲೆ ಕೂತು ಮಣೆ ಹೊರಳಿಸುತ್ತಿದ್ದರು. ಪರದೆಯಲ್ಲಿ ತೋಟ ನಳನಳಿಸುತ್ತಿತ್ತು. ಟೊಮೇಟೊ, ಚೆಂಡುಹೂವು, ಎತ್ತರಕ್ಕೆ ಬೆಳೆದ ಸೂರ್ಯಕಾಂತಿ. ನೀರು ಒಂದು ಹನಿಯೂ ಅತ್ತಿತ್ತ ಹೋಗುತ್ತಿರಲಿಲ್ಲ. "ನೋಡಮ್ಮ, ಎಷ್ಟು ಚೆನ್ನಾಗಿ ಬರುತ್ತೆ" ಎಂದರು. ಭೇಷ್ ಅತ್ತೆ ಎಂದೆ. ಫೋನ್ ಇಟ್ಟ ಮೇಲೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು.

ಏನು ಮಾಡಿದೆ ಎಂದು ಓರಗಿತ್ತಿಯನ್ನು ಕೇಳಿದೆ, ಆದಷ್ಟು ಮಾಮೂಲಿ ದನಿಯಲ್ಲಿ. "ನಾನೇನೂ ಮಾಡ್ಲಿಲ್ಲ ಅಕ್ಕ. ಅದು ಎಂಗಿತ್ತೋ ಅಂಗೇ ಕೊಟ್ಟೆ" ಎಂದಳು. ನಾನು ನಂಬಲಿಲ್ಲ. ಹುಳಿಪುಡಿಯ ಅಳತೆ ಕೇಳಿದರೂ ಕೆಲವರು ಹಾಗೇ ಹೇಳುತ್ತಾರೆ, ಅಯ್ಯೋ ಏನಿಲ್ಲ, ಕೈಗೆ ಬಂದಷ್ಟು ಹಾಕೋದು ಅಂತ. ಜಗತ್ತಿನಲ್ಲಿ ಯಾರ್ಯಾರೋ ತಮ್ಮ ಕೈಗೆ ಮಾಡಿಕೊಂಡ ಸೆಟ್ಟಿಂಗಿನ ಜೋಡಣೆಗಳನ್ನು ಹಂಚಿಕೊಳ್ಳುವ ಸೌಲಭ್ಯ ಆ ಯಂತ್ರದಲ್ಲಿದೆ. ಅದರಲ್ಲೇ ಯಾವುದೋ ಒಳ್ಳೆಯದು ಹುಡುಕಿ ಹಾಕಿದ್ದಾಳೆ, ನನಗೆ ಹೇಳುತ್ತಿಲ್ಲ ಎಂದು ತೀರ್ಮಾನಿಸಿದೆ. ಆ ಪಟ್ಟಿಯಲ್ಲಿದ್ದ ಒಂದೊಂದನ್ನೂ ಇಳಿಸಿ ನೋಡಿದೆ. ಕಂಡವರ ಮೈಗೆ ಹೊಲಿದ ರವಿಕೆಗಳನ್ನು ಹಾಕಿಕೊಂಡು ನೋಡುವ ಕೆಲಸ ಅದು. ಯಾವುದೂ ಹಿಡಿಸಲಿಲ್ಲ. ನನ್ನ ಗಂಡನಿಗೆ ಹೇಳಿಕೊಂಡರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು ಟೀವಿಯ ಕಡೆ ತಿರುಗಿದ. ಅವನ ಮೇಲೂ ಕೋಪ ಬಂತು.

ದೀಪಾವಳಿಗೆ ಅತ್ತೆ ಬಂದರು. ನಾನು ಅವರ ಮಂಚದ ಪಕ್ಕ ಹೊಸ ದೀಪ, ಬೆನ್ನಿಗೆ ಹೊಸ ದಿಂಬು, ಮಣೆಗೆ ಹೊಸ ಕವಚ ಎಲ್ಲ ಸಿದ್ಧ ಮಾಡಿಟ್ಟಿದ್ದೆ. ಅವರು ಕೂತು ಆಡಿದರು. ಪೈಪು ಅರ್ಧಕ್ಕೆ ನಿಂತಿತು, ಎಡಕ್ಕೆ ಜಾರಿತು. ಸ್ವಲ್ಪ ಹೊತ್ತು ಪ್ರಯತ್ನಪಟ್ಟು ಮಣೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಕಾಡುಗೋಡಿಯಲ್ಲಾದ್ರೆ ಚೆನ್ನಾಗಿ ಬರ್ತಿತ್ತು ಕಣಮ್ಮ" ಎಂದರು.

ಅವರು ಚುಚ್ಚಲು ಹೇಳಿದ್ದಲ್ಲ. ಅವರಿಗೆ ಚುಚ್ಚುವ ಮಾತು ಬರುವುದಿಲ್ಲ. ಆದರೆ ಆ ಮಾತು ನನ್ನ ಮನೆಯ ತುಂಬ ಓಡಾಡತೊಡಗಿತು. ಸಾರಿಗೆ ಉಪ್ಪು ಕಡಿಮೆ ಎಂದರೆ ಕಾಡುಗೋಡಿಯಲ್ಲಿ ಸರಿಯಾಗಿರುತ್ತಿತ್ತೇನೋ ಅನ್ನಿಸುತ್ತಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತ ಕೂತರೆ ಕಾಡುಗೋಡಿಯ ಕರಿಬೇವಿನ ಮರ ನೆನೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಗೊಣಗಿಕೊಂಡು ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದೆ. ಹೊಟ್ಟೆಕಿಚ್ಚು ಎಂಬ ಪದ ಮಾಡಿದವರು ಅನುಭವಸ್ಥರೇ ಇರಬೇಕು. ನನಗೆ ನಿಜವಾಗಿಯೂ ಎದೆಯ ಕೆಳಗೆ ಉರಿಯುತ್ತಿತ್ತು, ಡಾಕ್ಟರು ಗ್ಯಾಸ್ ಎಂದು ಮಾತ್ರೆ ಕೊಟ್ಟರು.

ಸಂಕ್ರಾಂತಿ ಹತ್ತಿರ ಬಂದಾಗ ಅತ್ತೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಹೇಳಿದರು. ಹಬ್ಬಕ್ಕೆ ಹೇಗೂ ಎಲ್ಲರೂ ಕಾಡುಗೋಡಿಗೆ ಹೋಗುತ್ತೇವಲ್ಲ. "ಹೋದವಳು ಅಲ್ಲೇ ಇದ್ದುಬಿಡ್ಲಾ? ಯುಗಾದಿವರೆಗೂ ಯಾಕೆ, ನಿನಗೂ ಆಫೀಸು, ಓಡಾಟ."

ನನ್ನ ಗಂಡ ಪೇಪರಿನಿಂದ ತಲೆಯೆತ್ತಿ ನಿಮ್ಮಿಷ್ಟ ಅಮ್ಮ ಎಂದ. ನನ್ನ ಪಾಳಿ ನನ್ನ ಕಣ್ಣೆದುರಿಗೇ ಮೊಟಕಾಗುತ್ತಿತ್ತು. ಈ ಸಲ ಬೇಗ ಹೋದರೆ ಮುಂದಿನ ಸಲ ತಡವಾಗಿ ಬರುತ್ತಾರೆ, ಅದರ ಮುಂದಿನ ಸಲ ನಾಲ್ಕು ದಿನಕ್ಕೆ ನೆಂಟರ ಹಾಗೆ ಬಂದುಹೋಗುತ್ತಾರೆ. ಹಬ್ಬ ಮುಗೀಲಿ ಅತ್ತೆ, ನೋಡೋಣ ಎಂದೆ.

ಸಂಕ್ರಾಂತಿಯ ದಿನ ಕಾಡುಗೋಡಿಯ ಮನೆಯಲ್ಲಿ ಎಳ್ಳುಬೆಲ್ಲ ಹಂಚಿದ್ದಾಯಿತು, ಊಟವಾಯಿತು. ಹಜಾರದಲ್ಲಿ ಅತ್ತೆ ಮಣೆ ಹಿಡಿದು ಕೂತರು. ಪಕ್ಕದಲ್ಲಿ ಓರಗಿತ್ತಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತು, ಅವರೆಕಾಯಿ ಬಿಡಿಸುವ ನೆಪದಲ್ಲಿ ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಎಷ್ಟು ನಿಧಾನ ಆ ಕೈ. ಪೈಪು ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಹೋಗುವಷ್ಟರಲ್ಲಿ ನಾನು ಎರಡು ಕಾಯಿ ಬಿಡಿಸುತ್ತಿದ್ದೆ. ಆದರೆ ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ, ಜಾರುತ್ತಿರಲಿಲ್ಲ. ಹೂ ಬಿಟ್ಟಾಗ ಅತ್ತೆ ಓರಗಿತ್ತಿಯ ತೊಡೆ ತಟ್ಟಿದರು, ಅವಳು ಕೈಯೆಲ್ಲ ಅವರೆಯ ಸೊಗಡು ಮಾಡಿಕೊಂಡೇ ಬಗ್ಗಿ ನೋಡಿದಳು. ಅತ್ತೆ ನನ್ನ ತೊಡೆ ಹಾಗೆ ತಟ್ಟಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.

ಅತ್ತೆ ಮಲಗಲು ಹೋದ ಮೇಲೆ, ಏನೋ ಅಪ್‌ಡೇಟ್ ಬಂದಿದೆಯಂತೆ, ನೋಡಲಾ ಎಂದು ಓರಗಿತ್ತಿಯನ್ನು ಕೇಳಿ ಅವಳ ಮಣೆ ತೆಗೆದುಕೊಂಡೆ. ನೋಡಿ ಅಕ್ಕ, ನನಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ ಎಂದಳು. ನಾನು ನೇರ ಒಳಗಿನ ಸೆಟ್ಟಿಂಗಿಗೆ ಹೋದೆ. ಕಳ್ಳತನದಲ್ಲಿ ಬೀರು ತೆಗೆಯುವವರ ಹಾಗೆ ಒಮ್ಮೆ ಅತ್ತೆಯ ಕೋಣೆಯ ಬಾಗಿಲ ಕಡೆ ನೋಡಿಕೊಂಡೆ.

ಅಲ್ಲಿ ಏನೂ ಇರಲಿಲ್ಲ. ಯಾರೋ ಪರಿಣತರ ಜೋಡಣೆ ಇರಲಿಲ್ಲ, ಅವಳ ಕೈಚಳಕವೂ ಇರಲಿಲ್ಲ. ಆಟದ ಜೊತೆಗೇ ಬರುವ ಮಾಮೂಲಿ ಗೈರೋ ಅಷ್ಟೇ. ಡಬ್ಬಿಯಿಂದ ತೆಗೆದಾಗ ಹೇಗಿತ್ತೋ ಹಾಗೇ ಇತ್ತು. ಅವಳು ನಿಜವನ್ನೇ ಹೇಳಿದ್ದಳು. ಅದು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಉರಿ ಇನ್ನೂ ಜಾಸ್ತಿಯಾಯಿತು. ಅವಳು ಕಷ್ಟಪಟ್ಟು ಗೆದ್ದಿದ್ದರೆ ನಾನು ಅದಕ್ಕಿಂತ ಹೆಚ್ಚು ಕಷ್ಟಪಡಬಹುದಿತ್ತು. ಏನೂ ಮಾಡದೆ ಗೆದ್ದವಳನ್ನು ಹೇಗೆ ಸೋಲಿಸುವುದು?

ಮಣೆಯನ್ನು ಅವರ ಟೀಪಾಯಿಯ ಮೇಲಿಟ್ಟು ಗೈರೋಗೆ ಸ್ಥಿರ ಕಲಿಸುವ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅಲುಗಾಟ ಎಂಬ ತಕರಾರೇ ಇಲ್ಲ. ಗೀಟು ನೋಡಿದೆ. ಎಡತುದಿಯ ಹತ್ತಿರ ಇತ್ತು. ನನ್ನದು ಬಲತುದಿಯಲ್ಲಿತ್ತು. ಆಗ ನನಗೆ ಏನೋ ಅನುಮಾನ ಬಂತು. ಅಷ್ಟರಲ್ಲಿ ಅತ್ತೆ ಎದ್ದು ಬಂದರು. ನಾನು ಹಿಂದುಮುಂದು ನೋಡದೆ, ಒಂದು ವಾರ ನಮ್ಮ ಜೊತೆ ಬನ್ನಿ ಅತ್ತೆ, ನಿಮ್ಮ ಸೀರೆಗಳೆಲ್ಲ ಅಲ್ಲೇ ಇವೆಯಲ್ಲ, ಆಮೇಲೆ ನಿಮಗೆ ಹೇಗೆ ಬೇಕೋ ಹಾಗೆ ಎಂದೆ. ಅವರು ಓರಗಿತ್ತಿಯ ಮುಖ ನೋಡಿದರು. ಅದನ್ನೂ ನಾನು ಗಮನಿಸಿದೆ. ಆಯ್ತು ಎಂದರು.

ಮರುದಿನ ನನಗೆ ಮನೆಯಿಂದ ಕೆಲಸ. ಮೇಜಿನ ಮೇಲೆ ಲೋಟದಲ್ಲಿ ನೀರಿಟ್ಟುಕೊಂಡು ಕೂತೆ. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದು ಎದ್ದು ಹೋಗುತ್ತಿದ್ದವು. ನಮ್ಮ ಮನೆಯ ಹಿಂದೆ, ಕಾಂಪೌಂಡಿನ ಆಚೆ, ತಗಡಿನ ಶೆಡ್ಡಿನಲ್ಲಿ ಲೋಹದ ಹಾಳೆಯಿಂದ ವಾಷರ್ ಹೊಡೆದು ತೆಗೆಯುವ ಪವರ್ ಪ್ರೆಸ್ ಇದೆ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ದಢ್ ದಢ್ ದಢ್. ಹೊಸದಾಗಿ ಬಂದ ನೆಂಟರು ಇದೇನು ಎಂದು ಕೇಳುತ್ತಾರೆ. ಏನು ಎಂದು ನಾವೇ ಅವರನ್ನು ಕೇಳುತ್ತೇವೆ. ಮದುವೆಯಾಗಿ ಬಂದ ವರ್ಷವೇ ನನ್ನ ಕಿವಿಗೆ ಅದು ಕೇಳಿಸುವುದು ನಿಂತುಹೋಗಿತ್ತು. ಮಣೆ ಮಾತ್ರ ಗೈರೋ ಹಾಕಿದ ದಿನವೇ ಹೇಳಿತ್ತು, ಇಲ್ಲಿ ಅಲುಗಾಟವಿದೆ ಎಂದು. ನಾನು ಬುದ್ಧಿವಂತೆ, ಗೀಟು ಎಳೆದು ಅದರ ಬಾಯಿ ಮುಚ್ಚಿಸಿದ್ದೆ. ಈ ಪ್ರೆಸ್ಸಿನ ಹೊಡೆತವೆಲ್ಲ ಲೆಕ್ಕಕ್ಕಿಲ್ಲ, ಇದೂ ಸ್ಥಿರವೇ ಎಂದು ಕಲಿಸಿದ್ದೆ. ಅದು ಕಲಿಯಿತು. ಅಷ್ಟು ಅಲುಗಾಟವೇ ಸ್ಥಿರ ಎಂದ ಮೇಲೆ, ಅದಕ್ಕಿಂತ ಮೆಲ್ಲಗೆ ಹೊರಳುವ ಅತ್ತೆಯ ಕೈ ಅದರ ಲೆಕ್ಕದಲ್ಲಿ ಹೊರಳುತ್ತಲೇ ಇರಲಿಲ್ಲ. ಅತ್ತೆ ಪಾತಿಯಿಂದ ಪಾತಿಗೆ ಪೈಪು ಒಯ್ಯುವಾಗ ಯಂತ್ರ ಇವರು ಸುಮ್ಮನೆ ಕೂತಿದ್ದಾರೆ ಎಂದುಕೊಂಡು ಆ ಚಲನೆಯನ್ನೇ ಅಳಿಸುತ್ತಿತ್ತು. ಅವರ ಕೈ ನಿಜವಾಗಿ ನಿಂತಾಗಲೂ ಅಳಿಸುತ್ತಲೇ ಇದ್ದು ಪೈಪನ್ನು ಉಲ್ಟಾ ಕಡೆಗೆ ಜಾರಿಸುತ್ತಿತ್ತು. ನನ್ನ ಕೈ ಬಿರುಸು, ಅದಕ್ಕೇ ನನ್ನ ಹತ್ತಿರ ಎಲ್ಲ ಸರಿಯಾಗಿತ್ತು. ಗಟ್ಟಿಯಾಗಿ ಹಿಡಿಯಿರಿ ಎಂದು ತಿಂಗಳುಗಟ್ಟಲೆ ಅವರಿಗೆ ಹೇಳಿದ್ದೆ.

ಗೀಟನ್ನು ಎಡಕ್ಕೆ ತಂದೆ. ತಾನೇ ಕಲಿತುಕೊಳ್ಳುವ ಗುಂಡಿಯನ್ನು ಬಂದ್ ಮಾಡಿದೆ. ಇನ್ನು ಉಳಿದದ್ದು ಸ್ಥಿರವನ್ನು ಒಮ್ಮೆ ಸರಿಯಾಗಿ ಕಲಿಸುವುದು, ಅದಕ್ಕೆ ಮನೆ ಅಲುಗದಿರಬೇಕು. ಮಧ್ಯಾಹ್ನ ಶೆಡ್ಡಿನವರಿಗೆ ಊಟದ ಬಿಡುವು ಇರುತ್ತದೆ. ಕಾದೆ. ದಢ್ ದಢ್ ನಿಂತಿತು. ಲೋಟದ ನೀರು ಕನ್ನಡಿಯಾಯಿತು. ಅಡುಗೆಮನೆಯಲ್ಲಿ ತಟ್ಟೆಗಳ ಸ್ಟ್ಯಾಂಡು ಸುಮ್ಮನಾಯಿತು, ಅದು ಇಷ್ಟು ದಿನ ಗಲಗುಡುತ್ತಿತ್ತು ಎಂದು ಆಗಲೇ ನನಗೆ ಗೊತ್ತಾದದ್ದು. ಮಂಚದ ಮೇಲಿದ್ದ ಅತ್ತೆ ಕರೆಂಟು ಹೋಯ್ತೇನಮ್ಮ ಎಂದು ಕೇಳಿದರು. ಮಣೆಯನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ. ತಕರಾರಿಲ್ಲದೆ ಮುಗಿಯಿತು.

ಅತ್ತೆಯ ಕೈಗೆ ಕೊಟ್ಟೆ. ಗಟ್ಟಿಯಾಗಿ ಹಿಡಿಯಿರಿ ಎಂದು ಈ ಸಲ ಹೇಳಲಿಲ್ಲ. ಅವರು ಮೊದಲ ಪಾತಿಗೆ ನೀರು ಬಿಟ್ಟರು, ಎರಡನೆಯದಕ್ಕೆ ಒಯ್ದರು. ಪೈಪು ಅವರ ಕೈಯಷ್ಟೇ ನಿಧಾನವಾಗಿ, ಅವರ ಕೈ ಹೋದಲ್ಲಿಗೇ ಹೋಯಿತು. ಹಿಂದೆ ಪ್ರೆಸ್ಸು ಮತ್ತೆ ಶುರುವಾಯಿತು. ಮಣೆ ಅವರ ಕೈಯಲ್ಲಿತ್ತು, ಆ ಹೊಡೆತ ಅಲ್ಲಿಯವರೆಗೆ ಮುಟ್ಟಲಿಲ್ಲ. ನೀರು ಜಾರಲಿಲ್ಲ. ಮೂರನೆಯ ಗಿಡ ಹೂ ಬಿಟ್ಟಾಗ ಅತ್ತೆಯ ಬಾಯಿ ಸ್ವಲ್ಪ ತೆರೆದುಕೊಂಡಿತು. ನಾನು ಅವರ ಪಕ್ಕದಲ್ಲೇ, ತೊಡೆ ತಾಗುವಷ್ಟು ಹತ್ತಿರ ಕೂತಿದ್ದೆ. ತಟ್ಟಲಿ ಎಂದು ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಅವಳಿಗೆ ಫೋನ್ ಮಾಡು, ತೋರಿಸ್ಬೇಕು" ಎಂದರು ಅತ್ತೆ.

ಮಾಡಿದೆ. ಇನ್ನೇನು ಮಾಡಲಿ? ವಿಡಿಯೋದಲ್ಲಿ ಓರಗಿತ್ತಿಯ ಮುಖ ಬಂತು. ಅತ್ತೆಯ ಎರಡು ಕೈಯೂ ಮಣೆಯ ಮೇಲಿದ್ದವು, ಹಾಗಾಗಿ ಫೋನನ್ನು ನಾನೇ ಹಿಡಿದುಕೊಂಡೆ, ಅವಳಿಗೆ ಅತ್ತೆಯೂ ಪರದೆಯೂ ಕಾಣುವ ಹಾಗೆ. ಇಲ್ಲೂ ಬಂತು ಕಣೇ, ನಿಮ್ಮಕ್ಕ ಏನೋ ಮಾಡಿ ಸರಿಮಾಡಿಬಿಟ್ಟಳು, ಅಲ್ಲಿ ಹೇಗೆ ಬರ್ತಿತ್ತೋ ಹಾಗೇ ಎಂದು ಅತ್ತೆ ಹೇಳಿದರು. ಓರಗಿತ್ತಿ ನಕ್ಕಳು. ಒಳ್ಳೇದಾಯ್ತು ಅತ್ತೆ ಎಂದಳು. ಆ ನಗು ಮುಖದ ಮೇಲೆ ಒಂದು ಗಳಿಗೆ ಜಾಸ್ತಿಯೇ ನಿಂತಿತು. ಭೇಷ್ ಅತ್ತೆ ಎಂದು ನಾನು ಬೇಸಿಗೆಯಲ್ಲಿ ನಕ್ಕಿದ್ದೂ ಹೀಗೇ ಇದ್ದಿರಬೇಕು. ಅದನ್ನು ನೋಡಿ ನನಗೆ ಆದದ್ದು ಖುಷಿ, ಬೇರೇನೂ ಅಲ್ಲ.

"ಅಂಗಾದ್ರೆ ಅಲ್ಲೇ ಇದ್ಬುಡ್ತೀರಾ ಅತ್ತೆ, ಯುಗಾದಿಗಂಟ?" ಎಂದು ಅವಳು ಕೇಳಿದಳು. ದನಿ ಮಾಮೂಲಿಯಾಗಿತ್ತು. ಅಷ್ಟು ಮಾಮೂಲಿಯಾಗಿರಲು ಎಷ್ಟು ಶ್ರಮ ಬೇಕು ಎಂದು ನನಗೆ ಗೊತ್ತಿತ್ತು.

ಅತ್ತೆ ಒಂದು ಬದನೆ ಗಿಡದ ಬುಡಕ್ಕೆ ನೀರು ಬಿಡುತ್ತಿದ್ದರು, ಅದು ಮುಗಿಯಬೇಕಿತ್ತು. ಫೋನು ಹಿಡಿದ ನನ್ನ ತೋಳು ನೋಯತೊಡಗಿತು, ಆದರೂ ಇಳಿಸಲಿಲ್ಲ. ನಾವಿಬ್ಬರೂ, ಊರಿನ ಎರಡು ತುದಿಯಲ್ಲಿ, ಒಂದೇ ಮುಖವನ್ನು ನೋಡುತ್ತ ಕಾದೆವು. ಇಲ್ಲೇ ಇರ್ತೀನಿ ಅನ್ನಲಿ ಎಂದು ನಾನು. ಅವಳೇನು ಬೇಡಿಕೊಂಡಳೋ ಅದನ್ನು ಹೇಳಬೇಕಾಗಿಲ್ಲ.

ಬದನೆ ಹೂ ಬಿಟ್ಟಿತು. "ಇನ್ನೇನ್ರೇ, ಈಗ ಎರಡೂ ಕಡೆ ಬರುತ್ತಲ್ಲ" ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ನನಗೆ ಎಲ್ಲಿದ್ರೂ ಒಂದೇ ಬಿಡಿ."

ಫೋನಿನಲ್ಲಿ ಓರಗಿತ್ತಿ ನನ್ನ ಕಡೆ ನೋಡಿದಳು. ಅವಳ ನಗು ಹೋಗಿತ್ತು. ನನ್ನ ಮುಖದ ಮೇಲೂ ಏನೂ ಉಳಿದಿರಲಿಲ್ಲ ಎನ್ನುವುದು ಮೂಲೆಯ ಸಣ್ಣ ಚೌಕದಲ್ಲಿ ನನಗೇ ಕಾಣುತ್ತಿತ್ತು.

"ಕೇಳಿದ್ರಾ ಅಕ್ಕ?" ಎಂದಳು ಮೆಲ್ಲಗೆ.

"ಕೇಳಿಸ್ಕೊಂಡೆ ಕಣೇ" ಎಂದೆ.